ಎರಡು, ಸ್ವಂತ

ಒಂಬತ್ತೂ ಕಾಲಿಗೆ ಒಂದು ಮಗು ಇನ್ನೊಂದನ್ನು ಕಚ್ಚಿತು. ಅಲ್ಲಿಗೆ ದಿನ ಶುರುವಾಯಿತು.

ಅಂತ್ಯಸಂಸ್ಕಾರ ಮುಗಿದು, ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋಗಿ, ಶಿಶುವಿಹಾರದ ಬಾಗಿಲು ಮತ್ತೆ ತೆರೆದ ಮೊದಲ ಬೆಳಿಗ್ಗೆ ಅದು. ತಾಯಂದಿರು ಮಕ್ಕಳನ್ನು ಒಳಗೆ ಬಿಟ್ಟು ನನ್ನ ಮುಖ ನೋಡದೆ ಹೊರಡುತ್ತಿದ್ದರು. ಕಚ್ಚಿಸಿಕೊಂಡ ಮಗುವಿನ ಕೈಗೆ ನಾನು ತಣ್ಣೀರು ಹಾಕಿದೆ. ಕಚ್ಚಿದ್ದನ್ನು ಅತ್ತೆ ಎತ್ತಿಕೊಂಡು, "ಹೊಟ್ಟೆಗೆ ಹಾಕಿ ಕಳಿಸಿಲ್ವೇನೋ ನಿಮ್ಮಮ್ಮ?" ಅಂತ ಕೇಳಿದರು. ಮಗ ತೀರಿಕೊಂಡ ಮೇಲೆ ಅವರ ದನಿ ಸಣ್ಣದಾಗಿದೆ. ಬೈಗುಳ ಮಾತ್ರ ಹಾಗೇ ಇದೆ.

ನನ್ನ ಗಂಡನಿಗೆ ಮೂವತ್ತನಾಲ್ಕು. ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹೃದಯ ನಿಂತಿತು. ಇದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ, ಡಾಕ್ಟರಿಗೂ.

ಹತ್ತು ಗಂಟೆಗೆ ವಿಮೆಯ ಏಜೆಂಟ್ ಬಂದಳು. ಹೆಲ್ಮೆಟ್ಟನ್ನು ಆಟದ ಕುರ್ಚಿಯ ಮೇಲಿಟ್ಟು, ಪಕ್ಕದ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. ಮಕ್ಕಳ ಕುರ್ಚಿ, ಪಾಪ, ತಡೆದುಕೊಂಡಿತು.

"ಅಕ್ಕ, ಇವತ್ತು ಬರಬಾರದಿತ್ತು ನಾನು. ಆದ್ರೆ ಸಂಜೆ ಐದಕ್ಕೆ ಹಳೇ ಪಾಲಿಸಿ ಮುಗಿಯುತ್ತೆ. ನಾಳೆ ಒಂದು ಮಗು ಜಾರಿ ಬಿದ್ರೂ ನಿಮ್ಮ ತಲೆ ಮೇಲೆ."

ಕಾಗದಗಳನ್ನು ಹರಡಿದಳು. "ಇದರಲ್ಲಿ ಮಗು ಬಿದ್ರೆ ಕೊಡ್ತಾರೆ. ಇದರಲ್ಲಿ ಗೋಡೆ ಬಿದ್ರೆ ಕೊಡ್ತಾರೆ, ಬೆಂಕಿ ಹತ್ತಿದ್ರೂ ಸೈ. ಇದು ಎಲ್ಲಾ ಸೇರಿಸಿ."

"ನಾವೇ ಬಿದ್ರೆ?" ಅಂದರು ಅತ್ತೆ.

"ಅದು ಬೇರೆ ಪಾಲಿಸಿ, ಅಮ್ಮ."

ಮೂರನೆಯದೇ ಇರಲಿ ಅಂದೆ. ಕಳೆದ ವರ್ಷ ಅವನು ತೆಗೆದುಕೊಂಡಿದ್ದೂ ಅದೇ. ಅವಳು ಹಳೆಯ ಫಾರಂ ನೋಡಿಕೊಂಡು ಹೊಸದನ್ನು ತುಂಬತೊಡಗಿದಳು. ಮಾಲೀಕರು ಅನ್ನುವ ಜಾಗದಲ್ಲಿ ಹಿಂದೆ ಎರಡು ಹೆಸರಿತ್ತು. ಪೆನ್ನು ಅಲ್ಲಿ ಸ್ವಲ್ಪ ನಿಂತು ಮುಂದೆ ಹೋಯಿತು. ಮಕ್ಕಳು ಇಪ್ಪತ್ತೆರಡು. ಅದರಲ್ಲಿ ಎರಡು ವರ್ಷದ ಒಳಗಿನವು ಒಂಬತ್ತು, ಮಲಗುವ ಕೋಣೆಯಲ್ಲಿ. ಬೆಂಕಿ ಆರಿಸುವ ಸಿಲಿಂಡರ್: ಎರಡು, ಸ್ವಂತ.

"ಈ ವರ್ಷದಿಂದ ಸಿಲಿಂಡರ್ ನಂಬರ್ ಬೇರೆ ಬರೀಬೇಕಂತೆ. ತಳದಲ್ಲಿರುತ್ತೆ, ನೋಡ್ತೀರಾ?"

ಅಡುಗೆಮನೆಯದನ್ನು ನೋಡಿ ಓದಿದೆ. ಮಲಗುವ ಕೋಣೆಯದನ್ನು ಗೋಡೆಯಿಂದ ಇಳಿಸಿ ಬಗ್ಗಿಸಿದೆ. ನಂಬರಿನ ಸುತ್ತ ಬಿಳಿ ಬಣ್ಣದಲ್ಲಿ ಬರೆದಿತ್ತು: ಬುಕ್ ಬೈಂಡಿಂಗ್.

ಬೈಂಡಿಂಗ್ ಅಂಗಡಿ ಎದುರುಗಡೆಯೇ ಇದೆ. ಅದರ ಯಜಮಾನರನ್ನು ನಮ್ಮ ಮಕ್ಕಳು ಗೋಂದಜ್ಜ ಅನ್ನುತ್ತಾರೆ.

ಏಜೆಂಟ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. "ಅಯ್ಯೋ. ಹೋದ ವರ್ಷ ಫೋಟೋ ತೆಗೆದವಳು ನಾನೇ. ಮುಂದಿನಿಂದ ತೆಗೆದೆ. ತಳ ಯಾರು ನೋಡ್ತಾರೆ ಅಕ್ಕ?"

ಎಂ.ಎ.ಯಲ್ಲಿ ನಾನು ಮಕ್ಕಳು ಯಾವ ವಯಸ್ಸಿಗೆ ಸುಳ್ಳು ಹೇಳಲು ಕಲಿಯುತ್ತಾರೆ ಅನ್ನುವುದರ ಮೇಲೆ ಪ್ರಬಂಧ ಬರೆದಿದ್ದೆ. ಮೂರು ವರ್ಷದ ಹೊತ್ತಿಗೆ. ದೊಡ್ಡವರು ಯಾವಾಗ ಬಿಡುತ್ತಾರೆ ಅಂತ ಮಾರ್ಗದರ್ಶಕರು ಕೇಳಿರಲಿಲ್ಲ.

"ಥಿನ್ನರ್ ಹಾಕಿ ಒರೆಸಿದ್ರೆ ಒಂದು ನಿಮಿಷ," ಅಂದಳು ಏಜೆಂಟ್. "ನಂಬರ್ ಮಾತ್ರ ಉಳಿಯುತ್ತೆ. ನಾನೇನೂ ನೋಡಿಲ್ಲ."

"ಬೆಂಕಿ ಬಿದ್ದರೆ?"

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಒಳ್ಳೆಯ ಹುಡುಗಿ, ಸುಳ್ಳು ಅವಳಿಗೂ ಸುಲಭವಲ್ಲ. "ಬಿದ್ರೆ ಎಲ್ಲರೂ ತಳ ನೋಡ್ತಾರೆ. ಬಿಲ್ ಕೇಳ್ತಾರೆ. ಬಿಲ್ ಆ ಅಜ್ಜನ ಹೆಸರಲ್ಲಿರುತ್ತೆ. ಅಲ್ಲಿಗೆ ಕ್ಲೇಮು ಗೋವಿಂದ."

ಅಂದರೆ ಒಂದು ವರ್ಷ ಒಂಬತ್ತು ಕೂಸುಗಳು ಆ ಕೋಣೆಯಲ್ಲಿ ಯಾವ ವಿಮೆಯೂ ಇಲ್ಲದೆ ಮಲಗಿದ್ದವು. ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೆ ಎದ್ದು ನಿಲ್ಲಬೇಕಾಗುತ್ತದೆ. ನಾನು ನೆಲದ ಮೇಲೆ ಕೂತಿದ್ದೆ.

"ಅವನೇನು ಕದ್ದು ತಂದಿಲ್ಲ," ಅಂದರು ಅತ್ತೆ. ಒಂದು ಕೂಸು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು. "ಸತ್ತವನ ಮರ್ಯಾದೆ ಕಾಗದದ ಮೇಲೆ ಹರಾಜು ಹಾಕ್ಬೇಡ ಕಣೇ. ಒರೆಸು ಅಂದ್ರೆ ಒರೆಸು."

"ಒರೆಸಿದರೆ ಸುಳ್ಳು ನನ್ನದಾಗುತ್ತೆ, ಅತ್ತೆ."

"ಈ ಕೋಣೆ ಮುಚ್ಚಿದ್ರೆ ಊಟ ಏನು ಮಾಡ್ತೀ? ನಿನ್ನ ಎಂ.ಎ. ತಿಂತೀಯಾ?"

ಆ ಮಾತು ಸರಿಯಾಗಿತ್ತು. ನಮಗೆ ಬರುವುದರಲ್ಲಿ ಅರ್ಧ ಆ ಒಂಬತ್ತರಿಂದಲೇ. ಬೇರೆ ದಾರಿ ಇದೆಯಾ ಅಂತ ಏಜೆಂಟನ್ನು ಕೇಳಿದೆ.

"ಇದೆ. ಈ ಕೋಣೆ ಬಿಟ್ಟು ಉಳಿದದ್ದಕ್ಕೆ ಇವತ್ತೇ ಮಾಡಬಹುದು. ಹೊಸ ಸಿಲಿಂಡರ್ ಬರೋಕೆ ನಾಲ್ಕು ದಿನ. ಬಂದ ಮೇಲೆ ಕೋಣೆ ಸೇರಿಸ್ತೀನಿ. ಅಲ್ಲೀತನಕ ಇಲ್ಲಿ ಮಕ್ಕಳನ್ನ ಮಲಗಿಸೋ ಹಾಗಿಲ್ಲ."

ಫಾರಂ ನನ್ನ ಕಡೆ ಎಳೆದುಕೊಂಡು, 'ಎರಡು' ಹೊಡೆದುಹಾಕಿ 'ಒಂದು' ಅಂತ ಬರೆದೆ. 'ಸ್ವಂತ' ಹಾಗೇ ಬಿಟ್ಟೆ. ಸಹಿ ಹಾಕಿದೆ. ಅತ್ತೆ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು.

ಮಧ್ಯಾಹ್ನ ಫೋನ್ ಮಾಡುತ್ತ ಕೂತೆ. ನಾಲ್ಕು ದಿನ ಚಿಕ್ಕವರನ್ನು ಕರೆತರಬೇಡಿ, ಬೆಂಕಿ ಆರಿಸುವ ಸಿಲಿಂಡರ್ ಇಲ್ಲ. ಕೆಲವರು ಆಯಿತು ಅಂದರು, ಒಬ್ಬರು ಅತ್ತರು, ನನಗಾಗಿ. ಅವಳಿಗಳ ತಾಯಿ ಮಾತ್ರ ಒಪ್ಪಲಿಲ್ಲ.

"ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ನನ್ನ ರಜೆ ಎಲ್ಲ ಮುಗಿದಿದೆ. ಬೇರೆ ಕಡೆ ಸೇರಿಸಿದ್ರೆ ಮತ್ತೆ ಅಲ್ಲಿಂದ ಬಿಡಿಸೋಕಾಗಲ್ಲ."

"ಸರಿ."

"ಮೊದಲು ಇತ್ತಲ್ವಾ ಸಿಲಿಂಡರ್? ನಾನೇ ನೋಡಿದ್ದೆ."

"ಇತ್ತು. ನಮ್ಮದಲ್ಲ."

ಅಲ್ಲಿಗೆ ಒಂಬತ್ತು ಏಳಾಯಿತು.

ಸಂಜೆ ಕೊನೆಯ ಮಗುವನ್ನು ಕಳಿಸಿ, ಕೋಣೆಗೆ ಬೀಗ ಹಾಕಿ, ಸಿಲಿಂಡರನ್ನು ಎತ್ತಿಕೊಂಡು ರಸ್ತೆ ದಾಟಿದೆ. ದಾರಿಯಲ್ಲಿ ಎರಡು ಸಲ ಕೆಳಗಿಟ್ಟೆ.

ಗೋಂದಜ್ಜ ಬೆರಳಿಗೆ ಅಂಟಿದ ದಾರ ಬಿಡಿಸಿಕೊಳ್ಳುತ್ತಿದ್ದರು. ಸುತ್ತ ಆಳೆತ್ತರ ಕಾಗದ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಎದ್ದರು.

"ಇದಕ್ಯಾಕಮ್ಮ ನೀನು ಹೊರೋಕೆ ಹೋದೆ? ನಾನು ಕೇಳಿದ್ನಾ?"

"ಯಾಕೆ ಕೇಳಲಿಲ್ಲ, ಅಜ್ಜ? ಒಂದು ವರ್ಷ ಆಯಿತಲ್ಲ."

"ಕೇಳ್ದೆ. ಒಂದೇ ದಿನಕ್ಕೆ ಅಂತ ತಗೊಂಡು ಹೋಗಿದ್ದ. ತಿಂಗಳಿಗೊಂದು ಸಲ ಕೇಳ್ತಿದ್ದೆ. 'ನಿಮ್ಮಲ್ಲಿ ಬೆಂಕಿ ಹತ್ತಿದ್ರೆ ಕೂಗಿ, ಓಡಿ ಬರ್ತೀನಿ' ಅಂತಿದ್ದ. ನನಗೂ ನಗು ಬಂದುಬಿಡ್ತಿತ್ತು." ನನ್ನ ಮುಖ ನೋಡಿ ನಿಲ್ಲಿಸಿದರು. "ನಿನ್ನ ಹತ್ರಾನೇ ಇರಲಿ ಕಣಮ್ಮ. ನಿನ್ನಲ್ಲಿ ಕೂಸುಗಳಿವೆ. ನನ್ನಲ್ಲಿ ಏನಿದೆ, ರದ್ದಿ."

"ಒಂದೇ ಇದೆ ಅಂತ ಬರೆದುಕೊಟ್ಟಿದ್ದೀನಿ, ಅಜ್ಜ."

ಸಿಲಿಂಡರ್ ಇದ್ದ ಗೋಡೆಯ ಕೊಕ್ಕೆಗೆ ಅಜ್ಜ ಛತ್ರಿ ನೇತುಹಾಕಿದ್ದರು. ಅದನ್ನು ತೆಗೆದು ಮೂಲೆಗಿಟ್ಟರು. ನಾನು ಎರಡೂ ಕೈಯಿಂದ ಎತ್ತಿ ಸಿಕ್ಕಿಸಿದೆ. ಸರಿಯಾಗಿ ಕೂತಿದೆಯಾ ಅಂತ ಅವರು ಒಮ್ಮೆ ಅಲ್ಲಾಡಿಸಿ ನೋಡಿದರು.