ಕೇಳಿಸಿದರೆ ಹೆಗಲು ಮುಟ್ಟಿ

ಓಣಿಯವರೆಲ್ಲ ಅವನನ್ನು ಕಿವಿ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮೋಟಾರ್ ಸೈಕಲ್ ರಿಪೇರಿಯವನಿಗೆ ಇದೆಂಥ ಹೆಸರು ಎಂದು ಕೇಳುವವರು ಮನೆಗೆ ಅಂಟಿಕೊಂಡಿದ್ದ ಅವನ ಅಂಗಡಿಯೆದುರು ಹತ್ತು ನಿಮಿಷ ನಿಂತರೆ ಸಾಕಿತ್ತು. ಗಾಡಿ ಬಂದರೆ ಅವನು ಮೊದಲು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರೊಂದನ್ನು ತೆಗೆದು, ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. "ಟೈಮಿಂಗ್ ಚೈನು ಸಡಿಲ ಆಗಿದೆ" ಎಂದನೆಂದರೆ, ಬಿಚ್ಚಿ ನೋಡಿದಾಗ ಅದೇ ಆಗಿರುತ್ತಿತ್ತು. ಹೆಸರು ಕೇಳಿಕೊಂಡು ಒಮ್ಮೆ ಯಾರೋ ಅಜ್ಜಿ ಕಿವಿನೋವು ತೋರಿಸಲು ಬಂದು, ಗ್ರೀಸು ಮೆತ್ತಿದ ಅವನ ಕೈ ನೋಡಿ ಎದ್ದೆನೋ ಬಿದ್ದೆನೋ ಎಂದು ಓಡಿದ್ದಳಂತೆ.

ಕಿವಿ ಚುರುಕು, ಯಾರು ಇಲ್ಲವೆಂದರು? ಆದರೆ ತನಗೆ ಕೇಳಿಸಿದ್ದೆಲ್ಲ ಊರಿಗೂ ಕೇಳಿಸುತ್ತದೆ ಎಂದುಕೊಂಡನಲ್ಲ, ಮಹಾರಾಯ ಎಡವಿದ್ದು ಅಲ್ಲಿ.

ಅವನಿಗೊಬ್ಬಳು ಮಗಳು. ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ ಪೆಟ್ಟಿಗೆ ತುಂಬಿಕೊಂಡು ದೊಡ್ಡ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ದಿನಕ್ಕೆ ಆರು ಸಲ ಹೋಗಬೇಕು, ಆರು ಸಲ ಬರಬೇಕು, ಎಲ್ಲ ಮೋಟಾರ್ ಸೈಕಲ್ಲಿನಲ್ಲೇ. ಎರಡು ತಿಂಗಳ ಹಿಂದೆ ಒಂದು ಕಾರು ಹಿಂದೆ ಮುಂದೆ ನೋಡದೆ ಅವಳ ಮೇಲೇ ಪಕ್ಕಕ್ಕೆ ಸರಿದು, ಗಾಡಿಯ ಕನ್ನಡಿ ಮುರಿದಿತ್ತು, ಮೊಣಕಾಲಿನ ಚರ್ಮ ಕಿತ್ತುಬಂದಿತ್ತು. ಕಾರಿನವನು ಇಳಿದು ಬಂದು ಹೇಳಿದ್ದು ಒಂದೇ ಮಾತು: "ಕೇಳಿಸಲೇ ಇಲ್ಲ ಕಣಮ್ಮ."

ಮಗಳು ಅದನ್ನು ಮನೆಯಲ್ಲಿ ನಗುತ್ತಾ ಹೇಳಿದಳು. ಅಪ್ಪ ನಗಲಿಲ್ಲ. ಆ ಮಾತು ಅವನ ತಲೆಯಲ್ಲಿ ಹುಳ ಹೊಕ್ಕಂತೆ ಹೊಕ್ಕಿತು. ಕೇಳಿಸಲಿಲ್ಲ ಅಂತೀರಾ? ಕೇಳಿಸೋ ಹಾಗೆ ಮಾಡ್ತೀನಿ ತಾಳಿ! ಮರುದಿನವೇ ಅವಳ ಗಾಡಿಯ ಸೈಲೆನ್ಸರ್ ಬಿಚ್ಚಿ, ಹಿಂಭಾಗ ಕೊಯ್ದು, ಒಳಗಿದ್ದ, ಸದ್ದು ತಡೆಯುವ ಪ್ಲೇಟುಗಳನ್ನೆಲ್ಲ ಕಿತ್ತು, ಬರಿಯ ಕೊಳವೆಯನ್ನು ವೆಲ್ಡ್ ಮಾಡಿ ಕೂರಿಸಿದ. ಇದೇ ಕೆಲಸ ಮಾಡಿಕೊಡಿ ಎಂದು ಬಂದ ಪಡ್ಡೆ ಹುಡುಗರನ್ನು ಇಪ್ಪತ್ತು ವರ್ಷದಿಂದ ಉಗಿದು ಓಡಿಸಿದ ಮನುಷ್ಯ ಇವನೇ. ಕಿಕ್ ಹೊಡೆದಾಗ ಎದುರುಮನೆಯ ಮಗು ಬೆಚ್ಚಿಬಿದ್ದು ಅಳತೊಡಗಿತು. ಅವನಿಗೆ ಮಾತ್ರ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ತಂಪು.

ಅಂದಿನಿಂದ ಅವಳು ಹೊರಟರೆ ಮೂರನೆಯ ತಿರುವಿನವರೆಗೂ ಕೇಳಿಸುತ್ತಿತ್ತು. ಮರಳುವಾಗ ಎರಡು ಬೀದಿ ಆಚೆಗೇ ಕೇಳಿಸುತ್ತಿತ್ತು. ಆ ಸದ್ದು ಕಿವಿಗೆ ಬಿದ್ದ ಕೂಡಲೇ ಅವನು ಹೆಂಡತಿಗೆ ಕೂಗಿ ಹೇಳುವನು, "ಬಂದ್ಳು, ತಟ್ಟೆ ಹಾಕು." ಅದುವರೆಗೆ ಕೈಯಲ್ಲಿ ಹಿಡಿದುಕೊಂಡಿದ್ದ ಜೀವವನ್ನು ಆಗ ಕೆಳಗಿಳಿಸುವನು.

ಒಂದು ಭಾನುವಾರ ಹೆಂಡತಿಯ ತಮ್ಮ ಊಟಕ್ಕೆ ಬಂದ. ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ಸು ಓಡಿಸುತ್ತಿರುವವನು, ಮಾತು ಕಡಿಮೆ. ಅಕ್ಕನ ಮಗಳ ಗಾಡಿ ಮನೆಯೆದುರು ಬಂದು ನಿಂತಾಗ ಕಿವಿ ಮುಚ್ಚಿಕೊಂಡು ಕೇಳಿದ, "ಭಾವ, ಇದೇನಿದು?"

"ಜೀವರಕ್ಷೆ ಕಣೋ. ನಿನ್ನಂಥ ಡ್ರೈವರುಗಳ ಕಿವಿ ತೆರೆಸೋಕೆ."

"ನಂಗೆ ಇವಳು ಕೇಳಿಸ್ತಾಳೆ ಭಾವ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನ ದಾಟಿ ಹೋದ್ಮೇಲೆ ಕೇಳಿಸ್ತಾಳೆ. ದಾಟೋಕ್ ಮುಂಚೆ ಅಲ್ಲ. ಕೊಳವೆ ಬಾಯಿ ಹಿಂದಕ್ಕಿದೆ, ನಾನಿರೋದು ಮುಂದೆ."

"ನಿನ್ನ ಕಿವಿಗೆ ಗುಗ್ಗೆ ಕಟ್ಟಿದೆ. ನಾನಾಗಿದ್ರೆ ಎರಡು ಬೀದಿ ಆಚೆಯಿಂದ್ಲೇ ಹೇಳ್ತಿದ್ದೆ."

ಬಾಮೈದ ಊಟ ಮುಗಿಸಿ ಎದ್ದ. ಕೈ ತೊಳೆದುಕೊಂಡು ಬಂದು, "ಹಾಗಾದ್ರೆ ಒಂದಿನ ನನ್ನ ಪಕ್ಕ ಕೂತ್ಕೊಳ್ಳಿ" ಎಂದ. "ಇವಳು ಹತ್ತು ಗಂಟೆ ಹೊತ್ತಿಗೆ ದಿನಾ ನನ್ನ ರೂಟಲ್ಲೇ ಬರ್ತಾಳೆ. ನೀವು ಕಣ್ಣು ಮುಚ್ಕೊಂಡು ಕೂತಿರಿ. ಇವಳು ಕೇಳಿಸಿದ ತಕ್ಷಣ ನನ್ನ ಹೆಗಲು ಮುಟ್ಟಿ. ನಾನು ಕಂಡಾಗ ಹೇಳ್ತೀನಿ. ಯಾರು ಮೊದಲು ಅಂತ ನೋಡೇ ಬಿಡೋಣ. ಇವಳಿಗೆ ಮಾತ್ರ ಹೇಳೋದು ಬೇಡ."

"ನಾಳೇನೇ ಬರ್ತೀನಿ" ಎಂದ ಕಿವಿ ಡಾಕ್ಟರ್. ಬರದೆ ಇರುತ್ತಾನೆಯೇ? ಅವನ ಕಿವಿಗೇ ಸವಾಲು ಹಾಕಿದ್ದರಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸು ಹತ್ತಿದ. ಹಳೆಯ ಬಸ್ಸು, ಎಂಜಿನ್ನು ಡ್ರೈವರನ ಪಕ್ಕದಲ್ಲೇ, ತಗಡಿನ ಮುಚ್ಚಳದ ಕೆಳಗೆ. ಆ ಮುಚ್ಚಳದ ಮೇಲೆ ಹಾಸಿದ್ದ ಕಂಬಳಿಯ ಮೇಲೆ ಕೂತ. ಕೂತ ಕೂಡಲೇ ಬೆನ್ನಿನ ಮೂಳೆಯಿಂದ ಹಲ್ಲಿನವರೆಗೆ ಎಲ್ಲವೂ ನಡುಗತೊಡಗಿತು. ನಾಲ್ಕನೆಯ ಇಂಜೆಕ್ಟರ್ ಸರಿಯಿಲ್ಲ ಎಂದು ಹೇಳಬೇಕೆನಿಸಿತು, ಸುಮ್ಮನಾದ. ಧೂಳೆಂದು ಗಾಜುಗಳನ್ನು ಮುಚ್ಚಿದ್ದರು. ನೆತ್ತಿಯ ಮೇಲೆ ಪುಟ್ಟ ಫ್ಯಾನು ಕಟಕಟ ಅನ್ನುತ್ತಿತ್ತು. ಹಿಂದೆ ಯಾರೋ ಫೋನಿನಲ್ಲಿ ಮದುವೆ ಮುರಿದುಬಿದ್ದ ಕಥೆ ಹೇಳುತ್ತಿದ್ದರು, ಬಸ್ಸಿಗೆ ಬಸ್ಸೇ ಕೇಳುವಂತೆ.

ಅವನು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೂತ.

ಹತ್ತಕ್ಕೆ ಐದು ನಿಮಿಷ ಇರುವಾಗ ಬಾಮೈದನ ಹೆಗಲು ಮುಟ್ಟಿದ. "ಅದು ಸಿಮೆಂಟ್ ಕಲೆಸೋ ಲಾರಿ ಭಾವ" ಎಂದ ಬಾಮೈದ, ನಗದೆಯೇ. ಹತ್ತು ಗಂಟೆಗೆ ಮತ್ತೆ ಮುಟ್ಟಿದ. "ಆಟೋ." ಕಿವಿ ಡಾಕ್ಟರನ ಕಿವಿ ಬಿಸಿಯಾಯಿತು, ನಾಚಿಕೆಗೆ. ತನ್ನ ಕೈಯಾರೆ ಕೊಯ್ದು ಕೂರಿಸಿದ ಕೊಳವೆಯ ದನಿ ತನಗೆ ಗೊತ್ತಿಲ್ಲವೆ? ಗೊತ್ತಿತ್ತು. ಆದರೆ ಇಲ್ಲಿ ಕೂತರೆ ದನಿಗಳೇ ಇರಲಿಲ್ಲ. ಎಂಜಿನ್ನೊಂದೇ ಎಲ್ಲವನ್ನೂ ನುಂಗಿ ನೀರು ಕುಡಿದಿತ್ತು.

ಹತ್ತು ದಾಟಿ ಐದು ನಿಮಿಷವಾಯಿತು. ಬೆವರು ಹುಬ್ಬಿನಿಂದ ಇಳಿಯಿತು. ಮೊದಮೊದಲು ಇದ್ದ ಹಟ ಈಗ ಇರಲಿಲ್ಲ. ಎಲ್ಲಿದ್ದಾಳೆ ಇವಳು? ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ. ಬಂದು ದಾಟಿಹೋದಳೋ, ಇನ್ನೂ ಹಿಂದಿದ್ದಾಳೋ, ಪಕ್ಕದಲ್ಲೇ ಇದ್ದಾಳೋ? ಎರಡು ತಿಂಗಳಿಂದ ಈ ಪ್ರಶ್ನೆಗೆ ಅವನ ಕಿವಿಯೇ ಉತ್ತರ ಹೇಳುತ್ತಿತ್ತು.

"ಪೋಸ್ಟಾಫೀಸು, ಪೋಸ್ಟಾಫೀಸು, ಇಳಿಯೋರು ಮುಂದೆ ಬನ್ನಿ" ಎಂದು ಕಂಡಕ್ಟರಮ್ಮ ಕೂಗಿದಳು. ಅಲ್ಲಿ ಬಸ್ಸು ಎಡಕ್ಕೆ ತಿರುಗಬೇಕು. ಮಗಳ ದಾರಿ ನೇರ. ಬಾಮೈದ ಇಂಡಿಕೇಟರ್ ಹಾಕಿದ, ಎಡಗನ್ನಡಿ ನೋಡಿದ, ಖಾಲಿ. ದಾಟಲು ನಿಂತಿದ್ದ ಜನರ ಕಡೆ ಕಣ್ಣಿಟ್ಟು, ಗೇರು ಇಳಿಸಿ, ನಿಧಾನವಾಗಿ ಸ್ಟೀರಿಂಗ್ ಎಳೆಯತೊಡಗಿದ. ಎಂಜಿನ್ನು ಗಂಟಲು ಹರಿದುಕೊಂಡು ಕಿರುಚಿತು. ಬೆವರು ಕಣ್ಣಿಗಿಳಿದು ಉರಿದದ್ದರಿಂದ ಕಿವಿ ಡಾಕ್ಟರ್ ಒರೆಸಿಕೊಳ್ಳಲು ಕಣ್ಣು ಬಿಟ್ಟ.

ಮುಂದಿನ ಬಾಗಿಲಿನ ಗಾಜಿನಲ್ಲಿ, ಕೆಳಗೆ, ಒಂದು ಹಳದಿ ಹೆಲ್ಮೆಟ್ಟು.

ಬೆನ್ನಿಗೆ ಪೆಟ್ಟಿಗೆ. ಪೆಟ್ಟಿಗೆಗೆ ಕೆಂಪು ಪಟ್ಟಿ, ಅಂದು ಬೆಳಿಗ್ಗೆ ತಾನೇ ಬಿಗಿದು ಕಟ್ಟಿದ ಗಂಟು. ಬಸ್ಸಿಗೂ ಫುಟ್‌ಪಾತಿನ ಕಬ್ಬಿಣದ ಕಂಬಿಗಳಿಗೂ ನಡುವಿನ ಸಂದಿಯಲ್ಲಿ, ಮುಂದಿನ ಚಕ್ರದಿಂದ ಎರಡು ಗೇಣು ದೂರದಲ್ಲಿ ಅವಳಿದ್ದಳು. ಸಂದಿ ಚಿಕ್ಕದಾಗುತ್ತಿತ್ತು. ಸದ್ದು ಇರಲಿಲ್ಲ. ದೇವರಾಣೆಗೂ ಒಂದು ಚೂರು ಸದ್ದು ಇರಲಿಲ್ಲ.

ಹೆಗಲು ಮುಟ್ಟಲಿಲ್ಲ ಅವನು. ಎರಡೂ ಕೈಯಲ್ಲಿ ಬಾಮೈದನ ತೋಳು ಹಿಡಿದು, "ನಿಲ್ಸೋ!" ಎಂದು ಅರಚಿದ.

ಬ್ರೇಕು, ಹಾರ್ನು ಎರಡೂ ಒಟ್ಟಿಗೆ ಬಿದ್ದವು. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು, ಕಂಡಕ್ಟರಮ್ಮ ಕಂಬವನ್ನು ತಬ್ಬಿಕೊಂಡಳು, ಮದುವೆ ಮುರಿದ ಕಥೆಯ ಫೋನು ಸೀಟಿನ ಕೆಳಗೆ ಜಾರಿತು. ಬಾಮೈದ ಹಾರ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಹಳದಿ ಹೆಲ್ಮೆಟ್ಟು ಆ ಚೂರು ಸಂದಿಯಲ್ಲಿ ನುಸುಳಿ ಬಸ್ಸಿನ ಮೂತಿಯ ಮುಂದೆ ಹಾದು, ನೇರ ಹೊರಟುಹೋಯಿತು. ತಲೆ ಕೂಡ ತಿರುಗಿಸಲಿಲ್ಲ ಅವಳು.

ಅವಳು ಆಕ್ಸಿಲರೇಟರ್ ತಿರುವಿದ್ದು ಆಗ. ಆ ಹಾಳು ಕೊಳವೆ ನೇರ ಅವನ ಮುಖಕ್ಕೇ ಬೊಬ್ಬೆ ಹಾಕಿದ್ದೂ ಆಗಲೇ. ಇಡೀ ಬೀದಿ ತಿರುಗಿ ನೋಡಿತು.

"ಕೇಳಿಸ್ತಾ ಭಾವ?" ಬಾಮೈದನ ತುಟಿ ಬೆಳ್ಳಗಾಗಿತ್ತು. ಅವನು ವ್ಯಂಗ್ಯಕ್ಕೆ ಕೇಳಿರಲಿಲ್ಲ. ತನ್ನ ಅಕ್ಕನ ಮಗಳನ್ನು ತಾನೇ ಚಕ್ರದ ಕೆಳಗೆ ಹಾಕಿಕೊಳ್ಳುತ್ತಿದ್ದವನು, ಹೇಗೆ ತಪ್ಪಿತು ಎಂದು ತಿಳಿಯದೆ ಕೇಳುತ್ತಿದ್ದ.

"ಇಲ್ಲ ಕಣೋ" ಎಂದ ಕಿವಿ ಡಾಕ್ಟರ್. "ಕಂಡ್ಳು. ಸುಮ್ನೆ, ಕಣ್ಣಿಗೆ ಬಿದ್ಲು."

ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡೇ ಅಂಗಡಿಗೆ ಬಂದ. ಮೆಕ್ಯಾನಿಕ್ಕನ ಬುದ್ಧಿಗೆ ಈಗ ಎಲ್ಲವೂ ಒಂದೊಂದಾಗಿ ಹೊಳೆಯತೊಡಗಿತು. ಸಂದಿಯಲ್ಲಿ ನುಸುಳುವಾಗ ಯಾರಾದರೂ ಆಕ್ಸಿಲರೇಟರ್ ತಿರುವುತ್ತಾರೆಯೇ? ಕೈ ಸಡಿಲ ಬಿಡುತ್ತಾರೆ. ಕೂಗಬೇಕಾದ ಹೊತ್ತಿಗೆ ಸರಿಯಾಗಿ ಕೊಳವೆ ಬಾಯಿ ಮುಚ್ಚಿಕೊಂಡಿರುತ್ತದೆ. ಅಪಾಯ ದಾಟಿದ ಮೇಲೆ ಊರಿಗೆಲ್ಲ ಡಂಗುರ ಸಾರುತ್ತದೆ. ಇಷ್ಟು ತಿಳಿಯುವುದಕ್ಕೆ ಎಂಥ ಡಾಕ್ಟರೂ ಬೇಕಿರಲಿಲ್ಲ, ಥೂ!

ಒಂದು ಗಂಟೆಗೆ ಎರಡು ಬೀದಿ ಆಚೆ ಸದ್ದು ಕೇಳಿತು. ಎಂದಿನಂತೆ ಎದೆ ಹಗುರವಾಯಿತು, ಮರುಕ್ಷಣವೇ ಮೈಗೆ ಮುಳ್ಳು ಚುಚ್ಚಿದಂತಾಯಿತು. ಮಗಳು ಗಾಡಿ ನಿಲ್ಲಿಸಿ, ಹೆಲ್ಮೆಟ್ ಕಳಚಿ, ಬೋಳು ಟೈರಿನ ಮೇಲೆ ಕೂತು ನೀರು ಕುಡಿದಳು.

"ಪೋಸ್ಟಾಫೀಸ್ ಹತ್ರ ಏನಾದ್ರೂ ಆಯ್ತೇನೇ?"

"ಏನಿಲ್ವಲ್ಲ ಅಪ್ಪ. ಯಾಕೆ?"

"ಒಂದು ಬಸ್ಸು ತಿರುಗ್ತಿತ್ತು. ನೀನು ಎಡಗಡೆಯಿಂದ ನುಗ್ಗಿದೆ."

"ಓ, ದಿನಾ ನುಗ್ತೀನಿ. ಮೊದಲೆಲ್ಲ ಹೆದರಿ ಬಸ್ಸಿನ ಹಿಂದೇನೇ ನಿಂತ್ಕೊಳ್ತಿದ್ದೆ. ನೀನು ಇದನ್ನ ಹಾಕಿಕೊಟ್ಮೇಲೆ ಧೈರ್ಯ ಬಂದಿದೆ." ಸೈಲೆನ್ಸರನ್ನು ಕಾಲಿನಿಂದ ಮೆಲ್ಲಗೆ ತಟ್ಟಿದಳು. "ಹೆಂಗೂ ಎಲ್ರಿಗೂ ಕೇಳಿಸ್ತದಲ್ಲ, ಜಾಗ ಬಿಡ್ತಾರೆ."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಅವಳಿಗೆ ಇಲ್ಲದ ಧೈರ್ಯವನ್ನು ವೆಲ್ಡ್ ಮಾಡಿ ಕೊಟ್ಟವನು ತಾನೇ. ಸಂದಿಗೆ ಕಳಿಸಿದವನೂ ತಾನೇ.

"ನಾನು ಆ ಬಸ್ಸಲ್ಲಿದ್ದೆ ಕಣಮ್ಮ. ನಿಮ್ಮ ಮಾವನ ಬಸ್ಸು. ನೀನು ಚಕ್ರದ ಹತ್ರ ಬರೋವರೆಗೂ ನಂಗೆ ಕೇಳಿಸ್ಲಿಲ್ಲ. ನಂಗೇ ಕೇಳಿಸ್ಲಿಲ್ಲ! ಅವನು ಅಷ್ಟು ಹೊತ್ತು ಹಾರ್ನ್ ಹೊಡೆದ, ನೀನು ತಿರುಗಿ ಕೂಡ ನೋಡ್ಲಿಲ್ಲ."

ಮಗಳು ನೀರಿನ ಬಾಟಲಿ ಕೆಳಗಿಟ್ಟಳು. ಮುಖದ ನಗು ಎಲ್ಲಿ ಹೋಯಿತೋ.

"ಯಾವ ಹಾರ್ನ್ ಅಪ್ಪ?" ಎಂದಳು.

ಸಂದಿಯಲ್ಲಿ ಬೇರೆ ಯಾರಿಗೂ ಕೇಳಿಸದ ಕೊಳವೆ, ಗಾಡಿಯ ಮೇಲೆ ಕೂತ ಅವಳ ಕಿವಿಯನ್ನು ಮಾತ್ರ ತುಂಬಿಬಿಟ್ಟಿತ್ತು. ಅವನು ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟ, ಗ್ರೀಸಿನ ಕೈಯೆಂಬುದನ್ನೂ ಮರೆತು. "ತಪ್ಪಾಯ್ತು ಪುಟ್ಟಿ. ನೀನು ಬಂದೆ ಅಂತ ಗೊತ್ತಾಗ್ತಿತ್ತಲ್ಲ ನಂಗೆ, ಅಷ್ಟಕ್ಕೇ ಇದು ಕೆಲಸಕ್ಕೆ ಬಂದಿದ್ದು. ಮನೇಲಿ ಕೂತಿರೋ ನನ್ನ ಜೀವಕ್ಕೆ ರಕ್ಷೆ ಕಟ್ಕೊಂಡೆ, ರೋಡಲ್ಲಿರೋ ನಿನಗಲ್ಲ." ಹೇಳುತ್ತಾ ಹೇಳುತ್ತಾ ಅವನಿಗೆ ಅಳು ಬಂತು. ಮಗಳು ಅದನ್ನು ನೋಡಿಯೂ ನೋಡದವಳಂತೆ ತಾನೇ ಹನ್ನೆರಡರ ಸ್ಪ್ಯಾನರ್ ಹುಡುಕಿ ಸೈಲೆನ್ಸರಿನ ನಟ್ಟು ಬಿಚ್ಚತೊಡಗಿದಳು.

ಕಿತ್ತ ಪ್ಲೇಟುಗಳನ್ನು ಅವನು ಎಸೆದಿರಲಿಲ್ಲ. ಮೆಕ್ಯಾನಿಕ್ಕುಗಳು ಏನನ್ನೂ ಎಸೆಯುವುದಿಲ್ಲ. ಡಬ್ಬದಿಂದ ತೆಗೆದು, ಉಜ್ಜಿ, ಮೊದಲಿದ್ದ ಜಾಗದಲ್ಲೇ ಕೂರಿಸಿ ವೆಲ್ಡ್ ಮಾಡಿದ. ಸಂಜೆ ಬಾಮೈದ ಡ್ಯೂಟಿ ಮುಗಿಸಿ ಬಂದು ಅಕ್ಕನ ಮಗಳನ್ನು ಡಿಪೋಗೆ ಕರೆದುಕೊಂಡು ಹೋಗಿ, ತನ್ನ ಸೀಟಿನಲ್ಲಿ ಕೂರಿಸಿ, ಕನ್ನಡಿಯಲ್ಲಿ ಏನೇನು ಕಾಣುವುದಿಲ್ಲ ಎಂಬುದನ್ನು ತೋರಿಸಿದ. ಅಪ್ಪ ಬಸ್ಸಿನ ಎಡಗಡೆ ನಿಂತು ಕೈ ಬೀಸುತ್ತಿದ್ದ. "ಎಲ್ಲಿದ್ದೀಯಪ್ಪ?" ಎಂದು ಅವಳು ಮೇಲಿನಿಂದ ಮೂರು ಸಲ ಕೂಗಿ ಕೇಳಿದಳು.

ಮರುದಿನ ಬೆಳಿಗ್ಗೆ ಗಾಡಿ ಬೆಕ್ಕಿನ ಹಾಗೆ ಹೊರಟಿತು. ಅವನು ಅಂಗಡಿಯ ಮುಂದೆ ಬಂದು ನಿಂತು ಮೊದಲ ತಿರುವಿನವರೆಗೆ ನೋಡಿದ. ಅಷ್ಟೇ. ಆಮೇಲೆ ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. ಹೆಂಡತಿ ಒಳಗಿನಿಂದ "ಹೊರಟ್ಲೇನ್ರೀ?" ಎಂದು ಕೇಳಿದಳು. "ಹ್ಞೂಂ" ಎಂದ. ಆ ದಿನ ಅವನು ಮಾಡಿದ ಕೆಲಸ ದೇವರಿಗೇ ಪ್ರೀತಿ: ಒಂದೇ ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿದ, ಒಂದು ಗಾಡಿಗೆ ಆಯಿಲ್ ಹಾಕುವುದನ್ನೇ ಮರೆತ, ಬಂದವರ ಮೇಲೆಲ್ಲ ಸಿಡುಕಿದ. ಒಂದು ಗಂಟೆಯಾಯಿತು. ಒಂದೂ ಹತ್ತಾಯಿತು. ಎರಡು ಬೀದಿ ಆಚೆ ಯಾರ್ಯಾರದೋ ಗಾಡಿಗಳು ಹೋದವು. ಸ್ಕ್ರೂಡ್ರೈವರನ್ನು ಯಾರದೋ ಎಂಜಿನ್ನಿಗೆ ಒತ್ತಿ ಕಣ್ಣು ಮುಚ್ಚಿದ. ಅಲ್ಲೂ ಏನೂ ಕೇಳಿಸಲಿಲ್ಲ, ತನ್ನ ಎದೆ ಹೊಡೆದುಕೊಳ್ಳುವುದೊಂದು ಬಿಟ್ಟು.

ಯಾರೋ ಹೆಗಲು ಮುಟ್ಟಿದರು.

ಕಣ್ಣು ಬಿಟ್ಟ. ಹಳದಿ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಮಗಳು ನಿಂತಿದ್ದಳು.

"ಲೇಟಾಯ್ತು ಅಪ್ಪ. ಪೋಸ್ಟಾಫೀಸ್ ಹತ್ರ ಬಸ್ಸಿನ ಹಿಂದೇನೇ ನಿಂತಿದ್ದೆ. ಹಿಂದೆ ಇದ್ದ ಕಾರಿನವನು ಸಿಟ್ಟು ಬಂದು ಬಾಯಿಗೆ ಬಂದ ಹಾಗೆ ಬೈದ. 'ನಿಮ್ಮಪ್ಪನ ರೋಡಾ' ಅಂದ."

"ಕೇಳಿಸ್ತಾ ನಿಂಗೆ?"

"ಒಂದೊಂದು ಅಕ್ಷರಾನೂ" ಎಂದಳು ಮಗಳು.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, ಒಳಗಡೆ ಮುಖ ಮಾಡಿ, ತಟ್ಟೆ ಹಾಕು ಎಂದು ಹೆಂಡತಿಗೆ ಕೂಗಿ ಹೇಳಿದ.