ಬಕೆಟ್ ತುಂಬುವ ಸದ್ದು

ನನ್ನ ಕೆಲಸ ಸಿನಿಮಾ ನೋಡುವುದು. ಕೇಳಿದವರೆಲ್ಲ ಅಯ್ಯೋ, ಪುಣ್ಯವಂತೆ ಅನ್ನುತ್ತಾರೆ. ಸಿಂಗಪುರದ ಬ್ಯೂನಾ ವಿಸ್ಟಾದಲ್ಲಿರುವ ಒಂದು ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ನಮ್ಮ ಆಫೀಸು. ಚಿತ್ರಗಳು ಆನ್‌ಲೈನ್‌ಗೆ ಬರುವ ಮುಂಚೆ ಅವನ್ನು ನೋಡಿ, ಎಷ್ಟನೇ ನಿಮಿಷದಲ್ಲಿ ಯಾರು ಯಾರಿಗೆ ಹೊಡೆದರು, ಏನು ಬೈದರು, ಏನು ಸೇದಿದರು ಎಂದು ಫಾರಂ ತುಂಬಬೇಕು. ಕನ್ನಡ, ತೆಲುಗು ನನ್ನ ಪಾಲು. ಹಿಂದಿ ಪಕ್ಕದ ಮೇಜಿನ ಅಮನ್ ಪಾಲು. ಏಳು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಈಗ ಬೀದಿಯಲ್ಲಿ ಯಾರಾದರೂ ಸಿಗರೇಟು ಹಚ್ಚಿದರೂ ಕಣ್ಣು ತಾನಾಗಿಯೇ ಗಡಿಯಾರದ ಕಡೆ ಹೋಗುತ್ತದೆ.

ಫಾರಂನ ನಾಲ್ಕನೇ ಪುಟ ಮಾದಕ ವಸ್ತುಗಳದ್ದು. ಅದರಲ್ಲಿ ಎರಡು ಪ್ರಶ್ನೆಗಳು ಮೊದಲಿನಿಂದಲೂ ನನ್ನನ್ನು ಸತಾಯಿಸಿವೆ. ತೋರಿಸಿರುವುದು ನಿಜಕ್ಕೆ ಹತ್ತಿರವಾಗಿದೆಯೇ? ನೋಡಿದವರಿಗೆ ಬೇಕು ಅನ್ನಿಸುವಂತಿದೆಯೇ? ಎರಡನೆಯದಕ್ಕೆ ‘ಹೌದು’ ಎಂದು ಒತ್ತಿದರೆ ಚಿತ್ರ ಮೇಲಿನವರ ಮೇಜಿಗೆ ಹೋಗುತ್ತದೆ. ದೊಡ್ಡ ಹೀರೋ ಇದ್ದರೆ ನಿರ್ಮಾಪಕರ ವಕೀಲರು ಪತ್ರ ಬರೆದು ಬಿಡಿಸಿಕೊಳ್ಳುತ್ತಾರೆ. ಸಣ್ಣ ಚಿತ್ರವಾದರೆ ಯಾರೂ ಏನೂ ಬರೆಯುವುದಿಲ್ಲ, ಅದು ಸುಮ್ಮನೆ ಪಟ್ಟಿಯಿಂದ ಉದುರುತ್ತದೆ.

“ನಾನು ಯಾವಾಗಲೂ ‘ಇಲ್ಲ’ ಅಂತಲೇ ಒತ್ತೋದು,” ಎಂದಿದ್ದ ಅಮನ್. “ನನಗೇನು ಗೊತ್ತು, ಹಂಸಾ? ನನಗೆ ಬೇಕು ಅನ್ನಿಸೋದು ಮಧ್ಯಾಹ್ನ ಮೂರು ಗಂಟೆಗೆ ಒಂದು ದಿಂಬು.”

ಗೊತ್ತಿದ್ದವನು ನಮ್ಮ ಮನೆಯಲ್ಲೇ ಇದ್ದ. ನನ್ನ ತಮ್ಮ ವೇದಾಂತ್. ನನಗಿಂತ ಐದು ವರ್ಷ ಚಿಕ್ಕವನು. ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದಿದ್ದು ಪೂರ್ತಿ ಇಲ್ಲೇ. ಡ್ರಗ್ಸ್ ಜೊತೆ ಸಿಕ್ಕಿಬಿದ್ದು, ಒಂದು ವರ್ಷ ರಿಹ್ಯಾಬ್‌ನಲ್ಲಿದ್ದು ಬಂದವನು. ಈಗ ಕಲ್ಲಾಂಗ್‌ನ ಒಂದು ಬೇಕರಿ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ. ಸೋಮವಾರ, ಗುರುವಾರ ಸಂಜೆ ಏಳರೊಳಗೆ ಸೆಂಟರ್‌ಗೆ ಹೋಗಿ ಪರೀಕ್ಷೆಗೆ ಮೂತ್ರ ಕೊಟ್ಟು ಬರಬೇಕು. ತಪ್ಪಿಸಿದರೆ ಕಾರಣ ಕೇಳುವವರಿಲ್ಲ, ಮತ್ತೆ ಒಳಗೆ. ಅಲ್ಲಿ ಉಚ್ಚೆ ಹೊಯ್ಯುವಾಗಲೂ ನೋಡುತ್ತಾ ಒಬ್ಬರಿರುತ್ತಾರೆ. ಮನೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಅವನು ವಾಪಸ್ ಬರುವ ಹಿಂದಿನ ದಿನ ಅಮ್ಮ ಬಚ್ಚಲುಮನೆಯ ಚಿಲಕ ಬಿಚ್ಚಿಸಿದಳು. ಅಂದಿನಿಂದ ಬುಕಿತ್ ಬಾಟೋಕ್‌ನ ನಮ್ಮ ಮೂರು ಕೋಣೆಯ ಮನೆಯಲ್ಲಿ ಬಚ್ಚಲಿಗೆ ಹೋದವರು ಕೆಮ್ಮಬೇಕು, ಇಲ್ಲ ಹಾಡಬೇಕು. ನಾನು ಕೆಮ್ಮುತ್ತೇನೆ. ಅಮ್ಮ ದೇವರನಾಮ ಹೇಳುತ್ತಾಳೆ. ವೇದಾಂತ್ ರಾಷ್ಟ್ರಗೀತೆ ಗುನುಗುತ್ತಾನೆ, ಸಿಂಗಪುರದ್ದು.

“ಅದಕ್ಕೆ ಮರ್ಯಾದೆ ಕೊಟ್ಟು ಯಾರೂ ಒಳಗೆ ಬರಲ್ಲ,” ಅನ್ನುತ್ತಾನೆ.

ಒಂದು ಶನಿವಾರ ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ದೊಡ್ಡ ಹೀರೋನ ಚಿತ್ರ ನೋಡುತ್ತಿದ್ದೆ. ಅವನು ಕಪ್ಪು ಕನ್ನಡಕ ತೆಗೆಯದೆ ತೋಳಿಗೆ ಸೂಜಿ ಚುಚ್ಚಿಕೊಂಡ. ತಕ್ಷಣ ನೀಲಿ ದೀಪ, ಮಳೆ, ಹಿಂದೆ ನಲವತ್ತು ಜನ ಕುಣಿಯುವವರು. ವೇದಾಂತ್ ಅನ್ನದ ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದ. ಅವನು ನಕ್ಕಾಗಲೇ ನನಗೆ ಗೊತ್ತಾಗಿದ್ದು.

“ಅಕ್ಕ, ಇವನು ಅದನ್ನ ತಗೊಂಡು ಡ್ಯಾನ್ಸ್ ಮಾಡ್ತಿದ್ದಾನಾ?”

“ಮಾಡಲ್ವಾ?”

“ಸುಳ್ಳು ಲಾ!” ಅಂದ, ಇಲ್ಲಿನವರ ರಾಗದಲ್ಲಿ. “ಕೂತ ಕಡೆ ತೂಕಡಿಸ್ತಾನೆ ಅಷ್ಟೆ. ಬಾಯಿ ತೆರ್ಕೊಂಡು. ಆಮೇಲೆ ನಾಲ್ಕು ದಿನ ಕಕ್ಕಸ್ಸು ಬರಲ್ಲ. ಅದಕ್ಕೊಂದು ಸಾಂಗ್ ಮಾಡ್ಲಿ, ನೋಡೋಣ.”

ಅಡಿಗೆಮನೆಯಿಂದ ಅಮ್ಮ, “ಆ ದರಿದ್ರ ನೋಡ್ಬೇಡ್ವೋ. ಅದನ್ನ ನೋಡೇ ಹಾಳಾಗಿದ್ದು ನೀನು,” ಅಂದಳು.

“ಸಿನಿಮಾ ನೋಡಿ ಯಾರೂ ಹಾಳಾಗಲ್ಲಮ್ಮ, ನಿದ್ದೆ ಬರತ್ತೆ. ಅಕ್ಕನ ಮುಖ ನೋಡು.”

ಫಾರಂನಲ್ಲಿ ‘ನಿಜಕ್ಕೆ ಹತ್ತಿರವಿಲ್ಲ’ ಎಂದು ಒತ್ತಿದೆ, ಎರಡನೆಯ ಪ್ರಶ್ನೆಗೂ ‘ಇಲ್ಲ’. ಏಳು ವರ್ಷದಲ್ಲಿ ಮೊದಲ ಸಲ ಖಚಿತವಾಗಿ ಒತ್ತಿದ್ದು.

ಅದು ಅಭ್ಯಾಸವಾಯಿತು. ಬಿಡುಗಡೆಯಾಗದ ಚಿತ್ರವನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲ ಎಂದು ನಾನು ಸಹಿ ಹಾಕಿಕೊಟ್ಟಿದ್ದೇನೆ. ಆದರೂ ಶನಿವಾರ ಅವನು ಪಾಳಿ ಮುಗಿಸಿ, ಮೈಯೆಲ್ಲ ಬ್ರೆಡ್ಡಿನ ವಾಸನೆ ಹೊತ್ತು ಬಂದು ನೆಲದ ಮೇಲೆ ಕೂರುತ್ತಿದ್ದ. ನಾನು ಆ ದೃಶ್ಯಗಳನ್ನಷ್ಟೇ ಓಡಿಸುತ್ತಿದ್ದೆ. ಒಂದು ಚಿತ್ರದಲ್ಲಿ ಕಾಲೇಜು ಹುಡುಗಿ ಒಂದೇ ಸಲಕ್ಕೆ ಹುಚ್ಚಿಯಾಗಿ ತಾರಸಿಯಿಂದ ಹಾರಿದಳು. “ಇದು ಸ್ಕೂಲಲ್ಲಿ ತೋರಿಸೋ ವಿಡಿಯೋ,” ಅಂದ. ಇನ್ನೊಂದರಲ್ಲಿ ಖಳನಾಯಕ ವಿಮಾನದ ಗಾತ್ರದ ಗೋದಾಮಿನಲ್ಲಿ ಪುಡಿಯನ್ನು ಬೆರಳಿಂದ ನೆಕ್ಕಿ, ಫಸ್ಟ್ ಕ್ಲಾಸ್ ಅಂದ. ವೇದಾಂತ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಸಾಂಬಾರ್ ಪುಡಿನಾ? ನಮ್ಮಮ್ಮ ಹೀಗೇ ನೋಡೋದು.” ತಾಯಿಯ ಫೋಟೋ ನೋಡಿ ಒಬ್ಬ ನಾಯಕ ಒಂದೇ ಹಾಡಿನಲ್ಲಿ ಚಟ ಬಿಟ್ಟಾಗ ಮಾತ್ರ ಅವನು ನಗಲಿಲ್ಲ. “ಎಷ್ಟು ನಿಮಿಷದ ಹಾಡು?” ಎಂದು ಕೇಳಿದ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಅಂದೆ.

ಹೀಗೆ ನಗುತ್ತಿದ್ದವನನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು. ಅವನಿಗೆ ಗೊತ್ತಿರುವುದೊಂದು ಯಾರಿಗೋ ಉಪಯೋಗಕ್ಕೆ ಬರುತ್ತಿದೆಯಲ್ಲ ಅನ್ನಿಸುತ್ತಿತ್ತು. ನನ್ನ ಫಾರಂಗಳು ಬಹಳ ಖಚಿತವಾಗಿವೆ ಎಂದು ಆಫೀಸಿನಲ್ಲಿ ಮೆಚ್ಚಿಕೊಂಡರು. ಅಮನ್ ಅನುಮಾನದಿಂದ ನೋಡಿದ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು.

ಕಳೆದ ಗುರುವಾರ ಬಂದಿದ್ದು ಮೈಸೂರಿನ ಯಾರೋ ಹೊಸಬರು ತೆಗೆದ ಸಣ್ಣ ಚಿತ್ರ. ಪರಿಚಯದ ಮುಖ ಒಂದೂ ಇಲ್ಲ. ಸಂಜೆ ಏಳರೊಳಗೆ ಫಾರಂ ಕಳಿಸಬೇಕಿತ್ತು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ವೇದಾಂತ್ ಬಂದು ಗೋಡೆಗೆ ಒರಗಿ ಕೂತ. ಪರೀಕ್ಷೆಯ ದಿನ ಐದು ಗಂಟೆಗೆ ಅವನು ನೀರು ಕುಡಿಯಲು ಶುರುಮಾಡುತ್ತಾನೆ, ಆರಕ್ಕೆ ಹೊರಡುತ್ತಾನೆ. ಆಗಿನ್ನೂ ಮೂರೂವರೆ.

ಚಿತ್ರದಲ್ಲಿ ಒಂದು ಮನೆ. ಬಚ್ಚಲಿನ ಬಾಗಿಲು ಮುಚ್ಚಿದೆ. ಒಳಗೆ ಮಗ. ಬಕೆಟ್ಟಿಗೆ ನಲ್ಲಿ ಬಿಟ್ಟ ಸದ್ದು. ಕ್ಯಾಮೆರಾ ಹೊರಗೇ ನಿಂತಿದೆ. ತಾಯಿ ಬಂದು, “ಉಪ್ಪಿಟ್ಟು ಆರಿಹೋಗತ್ತೆ ಕಣೋ,” ಅನ್ನುತ್ತಾಳೆ. ಅವಳು ಅಲ್ಲೇ ನಿಲ್ಲುತ್ತಾಳೆ. ಬಕೆಟ್ ತುಂಬುತ್ತದೆ, ನೀರು ಚೆಲ್ಲತೊಡಗುತ್ತದೆ. ಅವಳು ಬಾಗಿಲು ಬಡಿಯಲು ಕೈ ಎತ್ತಿ, ಬಡಿಯದೆ, ಅಂಗೈಯನ್ನು ಸುಮ್ಮನೆ ಬಾಗಿಲ ಮೇಲೆ ಇಡುತ್ತಾಳೆ. ಎರಡು ನಿಮಿಷ ನಲವತ್ತು ಸೆಕೆಂಡು. ಅಷ್ಟೆ.

ಪುಡಿಯಿಲ್ಲ, ಸೂಜಿಯಿಲ್ಲ. ನಾನು ‘ಏನೂ ಇಲ್ಲ’ ಎಂದು ಒತ್ತಲು ಹೋದೆ.

“ತಡಿ,” ಅಂದ ವೇದಾಂತ್. “ಹಿಂದಕ್ಕೆ ಹಾಕು.”

ಹಾಕಿದೆ. ಅವನು ಮುಂದೆ ಸರಿದು ಕೂತ.

“ಇನ್ನೊಂದ್ಸಲ.”

“ಏನಿದೆಯೋ ಅದ್ರಲ್ಲಿ?”

“ಸದ್ದು ಕೇಳಿಸ್ಕೋ. ಬಕೆಟ್ ತುಂಬಿದ್ಮೇಲೆ ಸದ್ದು ಬೇರೆ ಆಗತ್ತಲ್ಲ, ಅಷ್ಟರೊಳಗೆ ಮುಗಿಸ್ಬೇಕು. ಚೆಲ್ಲೋಕೆ ಶುರುವಾದ್ರೆ ಅಮ್ಮಂಗೆ ಗೊತ್ತಾಗತ್ತೆ. ಇದನ್ನ ತೆಗೆದೋನು ಯಾರೋ ಗೊತ್ತಿರೋನು, ಅಕ್ಕ.”

ಮೂರನೇ ಸಲ ಓಡುವಾಗ ಅಡಿಗೆಮನೆಯಿಂದ ಅಮ್ಮ ಹೊರಬಂದಳು. ನಮ್ಮನ್ನು ನೋಡದೆ ನೇರ ಬಚ್ಚಲಿಗೆ ಹೋದಳು. ನಲ್ಲಿ ತಿರುಗಿಸಿದ ಕಿರ್ ಸದ್ದು ಕೇಳಿಸಿತು. ಅಲ್ಲಿ ನಲ್ಲಿ ಮೊದಲೇ ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ನೀರು ಚೆಲ್ಲುತ್ತಲೇ ಇತ್ತು. ಅಮ್ಮ ಬಚ್ಚಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಸೆರಗಿಗೆ ಕೈ ಒರೆಸಿಕೊಂಡು ಅಡಿಗೆಮನೆಗೆ ಹೋದಳು. ಕೈ ಒದ್ದೆಯಾಗಿರಲಿಲ್ಲ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ವೇದಾಂತ್‌ನ ಮೊಣಕಾಲು ಕುಣಿಯುತ್ತಿತ್ತು. ಬಲಗೈ ಎಡತೋಳಿನ ಒಳಮಡಿಕೆಯನ್ನು ಕೆರೆಯುತ್ತಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ.

“ಏನಾಯ್ತೋ?”

“ಏನಿಲ್ಲ. ಸ್ವಲ್ಪ ಕೆಳಗೆ ಹೋಗ್ಬರ್ತೀನಿ.”

ಚಪ್ಪಲಿ ಮೆಟ್ಟಿಕೊಂಡು ಹೋದ. ಐದು ನಿಮಿಷ ಬಿಟ್ಟು ನೋಡಿದರೆ ಅವನ ಫೋನು ಮೇಜಿನ ಮೇಲೇ ಇತ್ತು.

ನಾಲ್ಕೂವರೆಯಾಯಿತು. ಐದಾಯಿತು. ಅವನ ನೀರಿನ ಬಾಟಲಿ ಫ್ರಿಜ್ಜಿನ ಮೇಲೆ ಹಾಗೇ ನಿಂತಿತ್ತು. ಅಮ್ಮ, “ಎಲ್ಲಿ ಹೋದ?” ಅಂದಳು. ಕೆಳಗಿದ್ದಾನೆ, ಅಂದೆ. “ಕೆಳಗೆ ಏನಿದೆ?” ಅಂದಳು. ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ನಾನು ಇಳಿದು ಹೋದೆ. ಬ್ಲಾಕಿನ ಕೆಳಗಿನ ಖಾಲಿ ಅಂಗಳ, ವಾಯ್ಡ್ ಡೆಕ್‌ನಲ್ಲಿ ಇಬ್ಬರು ಮುದುಕರು ಚೆಸ್ ಆಡುತ್ತಿದ್ದರು. ಊಟದಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಎಲ್ಲ ಟೇಬಲ್ಲೂ ನೋಡಿದೆ. ಪಾರ್ಕಿನ ಮೆಟ್ಟಿಲು ಹತ್ತಿ ಇಳಿದೆ. ಬೆವರಿನಲ್ಲಿ ಕುರ್ತಾ ಬೆನ್ನಿಗೆ ಅಂಟಿಕೊಂಡಿತು. ಅಷ್ಟೊಂದು ಸೂಜಿ, ಅಷ್ಟೊಂದು ಹೊಗೆ, ಅಷ್ಟೊಂದು ಪುಡಿ ತೋರಿಸಿದ್ದೆ, ಇವನಿಗೆ ಏನೂ ಆಗಿರಲಿಲ್ಲ. ಒಂದು ಮುಚ್ಚಿದ ಬಾಗಿಲು ತೋರಿಸಿದೆ. ತೋರಿಸಿದ್ದು ಅವನ ಹಳೆಯ ಸ್ನೇಹಿತರಲ್ಲ, ನಾನು.

ಆರಕ್ಕೆ ಹತ್ತು ನಿಮಿಷವಿದ್ದಾಗ ಎಂಆರ್‌ಟಿ ರೈಲು ಸ್ಟೇಷನ್ನಿನ ಗೇಟಿನ ಪಕ್ಕದಲ್ಲಿ ಸಿಕ್ಕಿದ. ಕಂಬಕ್ಕೆ ಒರಗಿ ನಿಂತಿದ್ದ. ಕಾಲ ಬಳಿ ಮೂರು ಖಾಲಿ ನೀರಿನ ಬಾಟಲಿ. ನನಗೆ ಮೊದಲು ಬಂದಿದ್ದು ಸಿಟ್ಟು.

“ಫೋನ್ ಯಾಕೋ ಬಿಟ್ಟು ಬಂದೆ?”

“ಅದರಲ್ಲಿ ಒಂದು ನಂಬರ್ ಇದೆ. ಡಿಲೀಟ್ ಮಾಡಿದ್ರೂ ಬಾಯಿಪಾಠ ಬರತ್ತೆ. ಫೋನೇ ಇಲ್ಲದಿದ್ರೆ ಒಂದು ಕೆಲಸ ಕಮ್ಮಿ.”

“ಮನೇಗೆ ಬರ್ಬಹುದಿತ್ತಲ್ಲ.”

“ಅಮ್ಮನ ಮುಖ ನೋಡೋಕಾಗ್ಲಿಲ್ಲ.” ಬಾಟಲಿಗಳನ್ನು ಹೆಕ್ಕಿಕೊಂಡು, “ಎರಡು ಗಂಟೆ ಹೊತ್ತಿಂದ ಇಲ್ಲೇ ನಿಂತಿದೀನಿ, ಅಕ್ಕ. ರೈಲು ಹತ್ತಿದ್ರೆ ನಡುವೆ ಹಳೇ ಜಾಗದಲ್ಲಿ ಇಳ್ಕೊಂಡ್ಬಿಡ್ತೀನಿ ಅಂತ ಭಯ. ನೀನು ಬಾ ಜೊತೆಗೆ.”

ಹೋದೆವು. ರೈಲಿನಲ್ಲಿ ಜಾಗವಿದ್ದರೂ ಅವನು ಕೂರಲಿಲ್ಲ. ನೀರು ತುಂಬಿದ ಹೊಟ್ಟೆ, ಕಾಲು ಬದಲಾಯಿಸುತ್ತಾ ನಿಂತ. ಒಂದು ಸ್ಟೇಷನ್ ಬರುವಾಗ ನನ್ನ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ. ಯಾಕೆ ಎಂದು ಕೇಳಲಿಲ್ಲ. ಬಾಗಿಲು ತೆರೆಯಿತು. ಜನ ಇಳಿದರು, ಜನ ಹತ್ತಿದರು. ಬಾಗಿಲು ಮುಚ್ಚಿತು. ಪಟ್ಟಿ ಬಿಟ್ಟ.

“ತುಂಬಾ ಅರ್ಜೆಂಟ್ ಆಗ್ತಿದೆ,” ಅಂದ. ನನಗೆ ನಗು ಬಂತು. ಅವನಿಗೂ.

ಸೆಂಟರ್ ತಲುಪಿದಾಗ ಆರು ನಲವತ್ತು. ಅವನು ಒಳಗೆ ಹೋದ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ನಿಜಕ್ಕೆ ಹತ್ತಿರವೇ? ‘ಹೌದು.’ ಅದು ಸುಲಭವಿತ್ತು. ಬೇಕು ಅನ್ನಿಸುವಂತಿದೆಯೇ? ಬೆರಳು ನಿಂತಿತು. ಹೌದು ಎಂದರೆ ಆ ತಾಯಿಯ ಅಂಗೈ ಈ ಊರಲ್ಲಿ ಯಾರಿಗೂ ಕಾಣುವುದಿಲ್ಲ. ಸೂಜಿ ಚುಚ್ಚಿಕೊಂಡು ಕುಣಿದವನಿಗೆ ನಾನೇ ‘ಇಲ್ಲ’ ಎಂದು ಒತ್ತಿದ್ದೆ. ಅವನ ಚಿತ್ರ ಹೋದ ವಾರವೇ ಬಂದಾಗಿದೆ. ಇಲ್ಲ ಎಂದರೆ ಇನ್ಯಾವುದೋ ಮನೆಯಲ್ಲಿ ಇನ್ಯಾರೋ ಮೂರು ಸಲ ಹಿಂದಕ್ಕೆ ಹಾಕಿ ನೋಡುತ್ತಾರೆ, ಫೋನು ಮನೆಯಲ್ಲಿ ಬಿಡದೆ ಕೆಳಗೆ ಇಳಿದು ಹೋಗುತ್ತಾರೆ.

ಏಳಕ್ಕೆ ಆರು ನಿಮಿಷವಿದ್ದಾಗ ವೇದಾಂತ್ ಹೊರಬಂದ. ಮುಖ ತೊಳೆದುಕೊಂಡಿದ್ದ.

“ಆಯ್ತಾ?”

“ಆಯ್ತು. ಲೀಟರ್‌ಗಟ್ಟಲೆ. ನೋಡ್ತಿದ್ದೋನಿಗೇ ಬೋರಾಯ್ತು.” ಪಕ್ಕದಲ್ಲಿ ಕೂತು ಪರದೆ ನೋಡಿದ. “ಇನ್ನೂ ಒತ್ತಿಲ್ವಾ?”

“ನೀನೇ ಹೇಳು. ಬೇಕು ಅನ್ನಿಸ್ತಾ?”

“ಅನ್ನಿಸ್ತು. ಈಗ್ಲೂ ಅನ್ನಿಸ್ತಿದೆ. ಆದ್ರೆ ಅದು ಸಿನಿಮಾ ತಪ್ಪಲ್ಲ. ನಂಗೆ ಬ್ರೆಡ್ ಫ್ಯಾಕ್ಟರೀಲಿ ಹಿಟ್ಟಿನ ಚೀಲ ಬಿಚ್ಚುವಾಗ್ಲೂ ಅನ್ನಿಸತ್ತೆ. ಹಿಟ್ಟು ಬ್ಯಾನ್ ಮಾಡ್ತೀಯಾ?” ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದ. “‘ಇಲ್ಲ’ ಅಂತ ಒತ್ತು. ಅಮ್ಮಂದಿರು ಹೊರಗೆ ಹೇಗೆ ನಿಂತಿರ್ತಾರೆ ಅಂತ ನಾನು ಇವತ್ತೇ ನೋಡಿದ್ದು. ಒಳಗಿಂದ ಅದು ಕಾಣಲ್ಲ.”

ಒತ್ತಿದೆ. ಕೊನೆಯಲ್ಲಿ ಷರಾ ಬರೆಯಲು ಒಂದು ಖಾನೆಯಿದೆ, ಏಳು ವರ್ಷ ಅದನ್ನು ಖಾಲಿ ಬಿಟ್ಟಿದ್ದೆ. ಅದರಲ್ಲಿ ಬರೆದೆ: ಬಾಗಿಲು, ನೀರಿನ ಸದ್ದು, ಎರಡು ನಿಮಿಷ ನಲವತ್ತು ಸೆಕೆಂಡು. ಚಟ ಬಿಟ್ಟವರು ಒಬ್ಬರೇ ನೋಡಬಾರದು. ಓದುವವರು ಇದನ್ನು ಯಾವ ಪಟ್ಟಿಗೆ ಸೇರಿಸುತ್ತಾರೋ ಗೊತ್ತಿಲ್ಲ. ಕಳಿಸಿದೆ.

ನನ್ನ ಫೋನು ರಿಂಗಾಯಿತು. ಅಮ್ಮ. ಮಾತಾಡು ಎಂದು ವೇದಾಂತ್‌ಗೆ ಕೊಟ್ಟೆ.

“ಆಯ್ತಮ್ಮ, ಕೊಟ್ಟೆ... ಹೂಂ, ಅಕ್ಕಾನೂ ಇಲ್ಲೇ ಇದಾಳೆ... ಇಲ್ಲ, ಏನೂ ಆಗಿಲ್ಲ... ಹೂಂ, ಮೊಸರಲ್ವಾ, ತರ್ತೀವಿ.” ಆ ಕಡೆಯಿಂದ ಅವಳು ಇನ್ನೇನೋ ಹೇಳುತ್ತಿದ್ದಳು. ಅವನು ಬಹಳ ಹೊತ್ತು ಕೇಳಿಸಿಕೊಂಡ. ಆಮೇಲೆ, “ಅಮ್ಮ, ನಲ್ಲಿ ನಿಂತಿತ್ತಮ್ಮ. ಅದು ಸಿನಿಮಾದ್ದು,” ಅಂದ.

ಫೋನು ಹಿಂದಿರುಗಿಸಿದ. ಇಬ್ಬರಿಗೂ ಏಳಲು ಮನಸ್ಸಿರಲಿಲ್ಲ. ಕಾಲು ನೋಯುತ್ತಿತ್ತು. ಮತ್ತೆ ಇಲ್ಲಿಗೆ ಬರುವುದು ಇನ್ನು ಸೋಮವಾರ.