ಆಲದ ಮರಕ್ಕೆ ಕಟ್ಟಿದ ಮಾಸು

ಜರ್ಮನಿಯ ಯುದ್ಧ ಶುರುವಾದ ವರ್ಷ ತ್ಯಾವಣಿಗೆಯ ಶಂಕರಮ್ಮನ ಎಮ್ಮೆ ಏಳನೇ ತಿಂಗಳಿಗೇ ಕಂದು ಹಾಕಿತು; ದಿನ ತುಂಬದ ಕರು ಸತ್ತೇ ಬಿತ್ತು. ಶಂಕರಮ್ಮ ಕರುವಿನ ಹಿಂದೆ ಬಿದ್ದ ಮಾಸನ್ನು ಬರಿಗೈಯಲ್ಲಿ ಬಾಚಿ, ಹುಲ್ಲಲ್ಲಿ ಸುತ್ತಿ, ಊರಮುಂದಿನ ಆಲದ ಮರಕ್ಕೆ ಕಟ್ಟಿ ಬಂದಳು. ಹಾಲು ಬರುವ ಮರಕ್ಕೆ ಕಟ್ಟಿದರೆ ಎಮ್ಮೆಯ ಹಾಲು ಹೆಚ್ಚುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಕರುವೇ ಸತ್ತ ಮೇಲೆ ಯಾವ ಹಾಲು ಎಂದು ಯಾರೂ ಕೇಳಲಿಲ್ಲ.

"ಪಕ್ಕದ ಮನೆ ಅಜ್ಜಮ್ಮನ ಕಣ್ಣು ಬಿತ್ತು" ಎಂದು ಶಂಕರಮ್ಮ ಓಣಿಗೆಲ್ಲ ಸಾರಿದಳು.

ಪಾಪ, ಅಜ್ಜಮ್ಮ ಶಂಕರಮ್ಮನ ಜೊತೆ ಮಾತೇ ಬಿಟ್ಟಳು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಲು ಅವಳಿಗಿದ್ದುದು ಒಂದೇ ಗಬ್ಬದ ಎಮ್ಮೆ. ಎರಡು ತಿಂಗಳಿಗೆ ಅದೂ ಕಂದು ಹಾಕಿತು. ಮಾಸು ಬೀಳಲಿಲ್ಲ. ನಂಜೇರಿ ನಾಲ್ಕನೇ ದಿನ ಎಮ್ಮೆಯೇ ಸತ್ತಿತು.

ದನದ ಆಸ್ಪತ್ರೆಯ ಕಾಂಪೌಂಡರ್ ಬುಡನ್‌ಸಾಬ್ ಸೈಕಲ್ ತುಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಮಧ್ಯಾಹ್ನ ಎಮ್ಮೆ ಎಲ್ಲಿ ನಿಲ್ತಿತ್ತಮ್ಮಾ?" ಎಂದು ಕೇಳಿದರು.

"ಆಲದ ನೆರಳಾಗೆ" ಎಂದಳು ಅಜ್ಜಮ್ಮ. "ಓಣಿ ಎಮ್ಮೆಯೆಲ್ಲಾ ಅಲ್ಲೇ ಮೇಯ್ತಾವೆ."

ಬುಡನ್‌ಸಾಬ್ ಮರದ ಬಳಿ ಹೋಗಿ ನೋಡಿದರು. ಕಾಗೆ ಕಿತ್ತ ಗಂಟೊಂದು ನೇತಾಡುತ್ತಿತ್ತು. "ಇದನ್ನ ಕಟ್ಟಿದ್ದು ಯಾರು?"

"ನಾನೇ" ಎಂದಳು ಹಿಂದೆಯೇ ಬಂದಿದ್ದ ಶಂಕರಮ್ಮ. "ಎಲ್ರೂ ಕಟ್ತಾರೆ. ತಪ್ಪೇನೈತ್ರೀ?"

"ಹಿಂಗೆ ಒಂದರ ಹಿಂದೆ ಒಂದು ಕಂದು ಹಾಕೋದು ಅಂಟುರೋಗ ಕಣಮ್ಮ. ಆ ಮಾಸಿನಾಗೆ ಕಣ್ಣಿಗೆ ಕಾಣದ ಹುಳ ಇರ್ತಾವೆ. ಅದು ತೊಟ್ಟಿಕ್ಕಿದ ಹುಲ್ಲು ತಿಂದ್ರೆ ಗಬ್ಬದ ಎಮ್ಮೆ ಕಂದು ಹಾಕ್ತೈತೆ."

"ನನ್ನ ಎಮ್ಮೆ ಗಟ್ಟಿಮುಟ್ಟಾಗಿ ಮೇಯ್ತೈತಲ್ರೀ."

"ರೋಗ ಒಳಗಿಟ್ಕಂಡೇ ಮೇಯ್ತೈತೆ. ಮಾಸು ಮುಟ್ಟಿದೋರಿಗೂ, ಹಸಿ ಹಾಲು ಕುಡಿದೋರಿಗೂ ಬರ್ತೈತೆ. ಸಂಜೆ ಜ್ವರ, ಬೆವರು, ಕೀಲುನೋವು."

ಶಂಕರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ವಾರದಿಂದ ಅವಳಿಗೆ ಸಂಜೆಯಾದರೆ ಜ್ವರ.

"ಹಂಗಾದ್ರೆ ಕಣ್ಣು ಬಿದ್ದಿದ್ದು?"

"ಕಣ್ಣಲ್ಲಮ್ಮ. ನಿಮ್ಮ ಗಂಟು."

ಅಂದೇ ಶಂಕರಮ್ಮನ ಮಕ್ಕಳು ಆಳವಾದ ಗುಂಡಿ ತೋಡಿ, ಆ ಗಂಟನ್ನೂ ಅಜ್ಜಮ್ಮನ ಸತ್ತ ಎಮ್ಮೆಯನ್ನೂ ಸುಣ್ಣ ಹಾಕಿ ಹೂತರು. ಶಂಕರಮ್ಮ ಅಜ್ಜಮ್ಮನ ಬಾಗಿಲಿಗೆ ಹೋದಳು. "ನಿನ್ನ ಎಮ್ಮೆ ಕೊಂದಿದ್ದು ನಾನೇ ಕಣವ್ವಾ" ಎಂದು ಅತ್ತಳು. ಅಜ್ಜಮ್ಮ ಬಯ್ಯಲಿಲ್ಲ. "ಮಗೀಗೆ ಏನು ಕುಡಿಸ್ಲಿ ಹೇಳು" ಎಂದಳು, ಅಷ್ಟೇ. ಆ ಮನೆಯ ಗೂಟ ಇನ್ನೂ ಖಾಲಿಯೇ ಇದೆ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಹಟ್ಟಿಯಲ್ಲಿ ದನ ಕಂದು ಹಾಕಿದರೆ ಮರದ ಕಡೆ ಹೋಗಬೇಡಿ, ಗುದ್ದಲಿ ಹಿಡಿಯಿರಿ. ಮಾಸನ್ನೂ ಸತ್ತ ಕರುವನ್ನೂ ಬರಿಗೈಯಲ್ಲಿ ಮುಟ್ಟದೆ ಆಳಕ್ಕೆ ಹೂಳಿ. ಆ ದನವನ್ನು ಬೇರೆ ಕಟ್ಟಿ, ಹಾಲು ಕಾಯಿಸದೆ ಕುಡಿಯಬೇಡಿ, ದನದ ಆಸ್ಪತ್ರೆಗೆ ಅಂದೇ ತಿಳಿಸಿ. ಪಕ್ಕದ ಮನೆಯವಳ ಕಣ್ಣನ್ನು ಬಯ್ಯುವ ಮೊದಲು ನಿಮ್ಮ ಮರದಲ್ಲಿ ಏನು ನೇತಾಡುತ್ತಿದೆ ನೋಡಿ.